ಬೀಗರ ಪಂದ್ಯ

ಜಾಕೆಟ್ಟಿನ ಜಿಪ್ಪು ಹೊಟ್ಟೆಯವರೆಗೆ ಏರಿ, ತನ್ನ ಕೈಲಾಗುವುದು ಇಷ್ಟೇ ಎಂಬಂತೆ ನಿಂತುಬಿಟ್ಟಿತು. ಗುರುಮೂರ್ತಿ ಉಸಿರು ಒಳಗೆಳೆದುಕೊಂಡು ಇನ್ನೊಮ್ಮೆ ಎಳೆದ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಪಂಕಜಾಕ್ಷಿ, "ಏರುತ್ತೆ ಬಿಡಿ. ಸಾಯಂಕಾಲದ ತಂಕ ಉಸಿರು ಬಿಡ್ಬೇಡಿ, ಅಷ್ಟೇ" ಎಂದು ಒಳಗೆ ಹೋದಳು. ನಿನ್ನೆ ಪಂದ್ಯ ಮುಗಿದ ಮೇಲೆ ಬೆಂಗಳೂರಿನ ಸಿಡಿಲು ಎಫ್‌ಸಿಯವರು ಕೊಟ್ಟ ಜಾಕೆಟ್ಟು ಅದು. ಸಿಡಿಲು ಎಂದರೆ ಊರೂರಲ್ಲಿ ಇರುವಂಥ ತಂಡವಲ್ಲ; ಸಂಬಳಕ್ಕೆ ಫುಟ್ಬಾಲ್ ಆಡುವವರ ತಂಡ, ಟೀವಿಯಲ್ಲಿ ಬರುವ ತಂಡ. ಅದು ಅಜ್ಜಂಪುರ ಯುವಕ ಸಂಘದ ಜೊತೆ ಕೈಜೋಡಿಸುತ್ತದಂತೆ ಎಂಬ ಸುದ್ದಿ ಬಂದಾಗ ಊರಿನಲ್ಲಿ ಮೊದಲು ಯಾರೂ ನಂಬಿರಲಿಲ್ಲ. ನಂಬದಿರಲು ಕಾರಣವೂ ಇತ್ತು. ಹೆಸರು ಯುವಕ ಸಂಘವಾದರೂ ಅದರಲ್ಲಿ ಆಡುತ್ತಿದ್ದವರೆಲ್ಲ ಹುಡುಗಿಯರು, ಪದಾಧಿಕಾರಿಗಳಲ್ಲಿ ಐವತ್ತು ದಾಟದವನು ಗುರುಮೂರ್ತಿ ಒಬ್ಬನೇ. ಅವನು ಹೈಸ್ಕೂಲಿನ ಪೀಟಿ ಮೇಷ್ಟ್ರು, ಸಂಘದ ಕಾರ್ಯದರ್ಶಿ, ಹುಡುಗಿಯರ ತಂಡದ ಏಕಮಾತ್ರ ತರಬೇತುದಾರ, ಚೆಂಡಿಗೆ ಗಾಳಿ ತುಂಬುವವನು, ಮೈದಾನದಿಂದ ದನ ಓಡಿಸುವವನು. ಕೋಚ್ ಎಂದು ಬೆನ್ನಿನ ಮೇಲೆ ಬರೆದ ಬಟ್ಟೆಯನ್ನು ಅವನಿಗೆ ಯಾರಾದರೂ ಕೊಟ್ಟಿದ್ದು ಇದೇ ಮೊದಲು. ಬೆನ್ನಿನ ಮೇಲಿರುವುದನ್ನು ಕನ್ನಡಿಯಲ್ಲಿ ಓದಲು ಕತ್ತು ತಿರುಗಿಸಿ ತಿರುಗಿಸಿ ಸೋತ. ಸೋತ ಎಂಬ ಮಾತು ಮನಸ್ಸಿಗೆ ಬಂದದ್ದೇ ಕನ್ನಡಿಯ ಮುಂದಿನಿಂದ ಸರಿದ. ಜಿಪ್ಪನ್ನು ಅರ್ಧಕ್ಕೇ ಬಿಟ್ಟು ಹೊರಟ.

ಇವತ್ತು ಕಡೂರಿನ ಕಲ್ಯಾಣ ಮಂಟಪದಲ್ಲಿ ಸಹಭಾಗಿತ್ವದ ಸಮಾರಂಭ. ಫುಟ್ಬಾಲಿಗೂ ಕಲ್ಯಾಣ ಮಂಟಪಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದಿತ್ತು. ಸಂಘದ ಅಧ್ಯಕ್ಷ ಪಂಚಾಕ್ಷರಪ್ಪನವರನ್ನು ಏನನ್ನೂ ಕೇಳುವ ಪದ್ಧತಿ ಇರಲಿಲ್ಲ. ಕಡೂರಿನಲ್ಲಿ ಕೊಬ್ಬರಿ ಮಂಡಿ, ಅಜ್ಜಂಪುರದಲ್ಲಿ ಮನೆ, ಎರಡೂ ಕಡೆ ವರ್ಚಸ್ಸು. ಬಾಡಿಗೆ ಬಸ್ಸಿನಲ್ಲಿ ಗುರುಮೂರ್ತಿ ಡ್ರೈವರನ ಪಕ್ಕ ಕೂತ, ಹುಡುಗಿಯರು ಹಿಂದೆ. ಪಂದ್ಯಕ್ಕೆ ಹೋಗುವಾಗ ಈ ಹುಡುಗಿಯರು ಬಸ್ಸಿನ ಚಾವಣಿ ಹಾರಿಹೋಗುವಂತೆ ಹಾಡುವವರು. ಅವನೇ ಎಷ್ಟೋ ಸಲ ತಿರುಗಿ ಗದರಿದ್ದುಂಟು. ಇವತ್ತು ಗದರೋಣವೆಂದರೆ ಒಬ್ಬಳೂ ಬಾಯಿ ಬಿಡಲಿಲ್ಲ. ಡ್ರೈವರನ ಕನ್ನಡಿಯಲ್ಲಿ ಮೂರನೆಯ ಸಾಲಿನ ಕಿಟಕಿ ಕಾಣುತ್ತಿತ್ತು, ಕಿಟಕಿಗೆ ಹಣೆಯಾನಿಸಿ ಕೂತ ಸ್ಪೂರ್ತಿ ಕಾಣುತ್ತಿದ್ದಳು. ಎಮ್ಮೆದೊಡ್ಡಿಯ ಕರಿಯಪ್ಪನ ಮಗಳು. ಓದುವುದಕ್ಕೆಂದು ಬುಕ್ಕಾಂಬುಧಿಯ ಅಜ್ಜಿಮನೆಯಲ್ಲಿದ್ದವಳು. ಅವಳು ಕನ್ನಡಿಯ ಕಡೆ ನೋಡುತ್ತಿರಲಿಲ್ಲ. ನೋಡಬಾರದೆಂದು ನೋಡುತ್ತಿಲ್ಲವೋ, ನೋಡುವಂಥದ್ದೇನೂ ಇಲ್ಲವೆಂದು ನೋಡುತ್ತಿಲ್ಲವೋ ತಿಳಿಯದೆ ಅವನು ರಸ್ತೆಯ ಕಡೆ ಕಣ್ಣು ತಿರುಗಿಸಿದ. ಮತ್ತೆ ಕನ್ನಡಿಗೆ ಬಂದ. ಮಾತು ಆಡಿಸೋಣವೆಂದು, ತಿಂಡಿ ತಿಂದ್ಯೇನಮ್ಮಾ ಎಂದು ತಿರುಗದೆಯೇ ಕೇಳಿದ. ತಿಂದೆ ಸರ್ ಎಂಬ ಉತ್ತರ ಎಷ್ಟು ಮರ್ಯಾದೆಯಿಂದ ಬಂತೆಂದರೆ ಮುಂದೆ ಕೇಳಲು ಏನೂ ಉಳಿಯಲಿಲ್ಲ.

ಮರ್ಯಾದೆ. ಎಲ್ಲ ಶುರುವಾದದ್ದು ಆ ಮಾತಿನಿಂದಲೇ. ಸಿಡಿಲು ತಂಡದ ಕಡೆಯಿಂದ ಊರೂರಿನ ಸಂಘಗಳನ್ನು ನೋಡಿಕೊಳ್ಳುವ ಅನುಪಮಾ ಎಂಬ ಹೆಣ್ಣುಮಗಳು ಹೋದ ವಾರ ಫೋನು ಮಾಡಿ, ನಮ್ಮ ಕಿರಿಯರ ತಂಡ ಕರೆದುಕೊಂಡು ಬರ್ತೇವೆ, ಒಂದು ಪಂದ್ಯ ಆಡೋಣ, ನಿಮ್ಮ ಹುಡುಗಿಯರನ್ನು ನೋಡಿದ ಹಾಗೂ ಆಗುತ್ತದೆ ಎಂದಿದ್ದಳು. ನೆಟ್ಟಗಿನ ಮಾತು. ಆದರೆ ಫೋನಿನ ಸ್ಪೀಕರ್ ಹಾಕಿಕೊಂಡು ಕೇಳಿದವರು ಪಂಚಾಕ್ಷರಪ್ಪನವರು. ನಾಲ್ಕು ಹೆಣ್ಣುಮಕ್ಕಳನ್ನು ಧಾರೆಯೆರೆದು ಕೊಟ್ಟ ಅವರ ಲೆಕ್ಕದಲ್ಲಿ, ದೊಡ್ಡವರ ಮಟ್ಟದಲ್ಲಿ ಎಲ್ಲ ಕುದುರಿದ ಮೇಲೆಯೇ ಗಂಡಿನ ಕಡೆಯವರು ನೋಡಲು ಬರುವುದು. ಉಪ್ಪಿಟ್ಟು ಕಾಫಿ ಬರೀ ಶಾಸ್ತ್ರ. ಅಲ್ಲಿ ಹುಡುಗಿ ತಲೆ ತಗ್ಗಿಸಿ ಕೂತರೆ ಸಾಕು, ಅವಳ ಬುದ್ಧಿವಂತಿಕೆಯನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ತಾವು ಈಗಾಗಲೇ ಸಿಡಿಲಿನ ದೊಡ್ಡವರ ಜೊತೆ ಮಾತಾಡಿಯಾಗಿದೆ, ಅವರ ಆಫೀಸಿಗೆ ಎಳನೀರಿನ ಗೊನೆಯನ್ನೂ ಕಳಿಸಿಯಾಗಿದೆ. ಅಂದಮೇಲೆ ಸಂಬಂಧ ಗಟ್ಟಿ. ಪಂದ್ಯ ಎಂಬುದು ನೋಡುವ ಶಾಸ್ತ್ರ. ಶನಿವಾರ ಸಾಯಂಕಾಲ ಗುರುಮೂರ್ತಿಯನ್ನು ಮನೆಗೆ ಕರೆಸಿ, ಜಗಲಿಯ ಮೇಲೆ ನಿಲ್ಲಿಸಿಕೊಂಡೇ ಹೇಳಿದರು. "ಬರೋರು ಬೀಗರಿದ್ದಂಗೆ ಕಣಯ್ಯಾ. ಬೀಗರನ್ನ ನಮ್ಮ ಬಾಗ್ಲಲ್ಲೇ ಸೋಲ್ಸಿ, ಆಮೇಲೆ ಯಾವ ಮಖ ಇಟ್ಕಂಡು ಊಟಕ್ಕೆ ಏಳಿ ಅಂತೀಯ? ನಿನ್ ಹುಡುಗೀರಿಗೆ ಸ್ವಲ್ಪ ತಿಳಿಸಿ ಹೇಳು." ತರೀಕೆರೆ ಸಂಘದವರು ಅದೇ ಶನಿವಾರ ಬೆಳಿಗ್ಗೆ ಅದೇ ಅತಿಥಿಗಳಿಗೆ ಬರೀ ಟೀ ಬನ್ನು ಕೊಟ್ಟು, ಮೇಲೆ ಸೋಲಿಸಿಯೂ ಕಳಿಸಿದ್ದರೆಂಬ ಸುದ್ದಿ ಅಷ್ಟರಲ್ಲಿ ಬಂದಿತ್ತು. ಮನೆತನ ಅನ್ನೋದು ಇಂಥಲ್ಲೇ ಗೊತ್ತಾಗೋದು ಎಂದು ಪಂಚಾಕ್ಷರಪ್ಪನವರು ಮರುಕಪಟ್ಟರು. ಗುರುಮೂರ್ತಿ, ಆಗ್ಲಿ ಸಾರ್ ಎಂದ.

ಆಗ್ಲಿ ಸಾರ್ ಎನ್ನುವುದು ಅವನಿಗೆ ಕಷ್ಟದ ಮಾತಲ್ಲ. ಸೇರಿದ ವರ್ಷವೇ, ಆಟದ ಪೀರಿಯಡ್ಡನ್ನು ಗಣಿತದವರಿಗೆ ಬಿಟ್ಟುಕೊಡಿ ಎಂದಾಗ ಅಂದಿದ್ದ. ಆಮೇಲೆ ವಿಜ್ಞಾನದವರಿಗೆ, ಆಮೇಲೆ ಯಾರು ಕೇಳಿದರೆ ಅವರಿಗೆ. ಕಾಲೇಜಿನಲ್ಲಿದ್ದಾಗ ಜಿಲ್ಲಾ ಮಟ್ಟದ ಪಂದ್ಯಗಳಿಗೆಲ್ಲ ಹೋಗಿದ್ದ ಅವನು, ಆಡಿದ್ದಕ್ಕಿಂತ ಗೆರೆಯ ಆಚೆ ಆಡುವವರ ಅಂಗಿ, ವಾಚು, ಕೊರಳ ಶಿವದಾರ ಹಿಡಿದುಕೊಂಡು ನಿಂತದ್ದೇ ಹೆಚ್ಚು. ಒಮ್ಮೆ ಚಿಕ್ಕಮಗಳೂರಿನಲ್ಲಿ ಕೊನೆಯ ಗಳಿಗೆಯಲ್ಲಿ ಇಳಿಸುತ್ತೇವೆಂದು ಹೇಳಿ ಬೂಟು ಹಾಕಿಸಿದರು. ಬೂಟು ಕಟ್ಟಿಕೊಂಡು ನಿಂತವನ ಎದುರಲ್ಲೇ ಸೀಟಿ ಊದಿ ಆಟ ಮುಗಿಯಿತು. ನಂಬಿಕಸ್ಥ ಹುಡುಗ ಎಂದು ಎಲ್ಲರೂ ಹೊಗಳಿದರು. ಆ ಹೊಗಳಿಕೆಯೇ ನಡೆಯುತ್ತ ನಡೆಯುತ್ತ ಪಂಚಾಕ್ಷರಪ್ಪನವರ ಕಿವಿಗೆ ಬಿದ್ದು, ಅವರ ಆಡಳಿತದ ಹೈಸ್ಕೂಲಿನಲ್ಲಿ ಕೆಲಸವಾಗಿ ಪರಿಣಮಿಸಿತ್ತು. ಬಸ್ಸು ಬೀರೂರು ದಾಟುತ್ತಿತ್ತು. ರೈಲೊಂದು ಯಾರಿಗೋ ಕಾಯುತ್ತ ನಿಂತಿತ್ತು. ಜಾಕೆಟ್ಟಿನೊಳಗೆ ಬೆವರಿಳಿಯುತ್ತಿದ್ದರೂ ಅದನ್ನು ತೆಗೆಯುವ ಮನಸ್ಸಾಗಲಿಲ್ಲ. ಸ್ಥಳೀಯ ತರಬೇತುದಾರರ ಹೆಸರನ್ನು ಸಮಾರಂಭದಲ್ಲಿ ಹೇಳುತ್ತೇವೆ ಎಂದು ಅನುಪಮಾ ಹೇಳಿದ್ದಳು; ವೇದಿಕೆಗೆ ಕರೆದಾಗ ಬೆನ್ನು ಸಭೆಯ ಕಡೆಗಿರುವಂತೆ ಸ್ವಲ್ಪ ಹೊತ್ತು ನಿಲ್ಲಬೇಕೆಂದು ಅವನು ಬೆಳಿಗ್ಗೆಯೇ ಯೋಚಿಸಿದ್ದ. ಅದು ನೆನಪಾಗಿ ತನ್ನ ಮೇಲೆ ತನಗೇ ಅಸಹ್ಯವಾಯಿತು, ಆದರೂ ಆಸೆ ಹೋಗಲಿಲ್ಲ.

ಸೋತುಬಿಡಿ ಎಂದು ಅವನು ನಿನ್ನೆ ಹುಡುಗಿಯರಿಗೆ ಹೇಳಿರಲಿಲ್ಲ. ಅಷ್ಟು ಕೆಟ್ಟವನಲ್ಲ. ಬುಕ್ಕಾಂಬುಧಿಯ ಕೆರೆಯಂಗಳದಲ್ಲಿ ನೀರು ಹಿಂದೆ ಸರಿದಾಗ ಸಿಗುವ ಸಪಾಟು ನೆಲವೇ ಅವರ ಮೈದಾನ; ಅಲ್ಲಿ ಎಲ್ಲರನ್ನೂ ಸುತ್ತ ಕೂರಿಸಿಕೊಂಡು, ನೋಡ್ರಮ್ಮಾ, ಬರೋರು ದೂರದಿಂದ ಬರೋರು, ಸ್ವಲ್ಪ ಮರ್ಯಾದೆಯಿಂದ ಆಡಿ ಎಂದ. ಹುಡುಗಿಯರು ಮುಖಮುಖ ನೋಡಿಕೊಂಡರು. ಸ್ಪೂರ್ತಿ ಬೂಟಿನ ಲೇಸು ಕಟ್ಟುತ್ತಿದ್ದವಳು ತಲೆಯೆತ್ತದೆ ಕೇಳಿದಳು, "ಎಷ್ಟು ಗೋಲು ಮರ್ಯಾದೆ ಸರ್?" ನಗಬೇಕೋ ಗದರಬೇಕೋ ತಿಳಿಯಲಿಲ್ಲ. "ಮೂರು ಸಾಕು. ಜಾಸ್ತಿ ಆದ್ರೆ ನಮಗೇ ಅವಮಾನ" ಎಂದುಬಿಟ್ಟ. ಇಷ್ಟು ವರ್ಷ ಒಂದೊಂದು ಗೋಲಿಗೆ ಗಂಟಲು ಹರಿದುಕೊಂಡವನ ಬಾಯಿಂದ ಕೊಬ್ಬರಿಯ ತೂಕ ಹೇಳುವಂತೆ ಬಂದ ಆ ಮಾತು ಅವನಿಗೇ ಅಪರಿಚಿತವಾಗಿ ಕೇಳಿಸಿತು.

ಆದರೆ ಸೋಲುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಪಂಚಾಕ್ಷರಪ್ಪನವರು ಅತಿಥಿಗಳನ್ನು ಪಂದ್ಯಕ್ಕೆ ಮುಂಚೆಯೇ ಎಲೆಯ ಮುಂದೆ ಕೂರಿಸಿದ್ದರು. ಒಬ್ಬಟ್ಟು, ಅದರ ಮೇಲೆ ತುಪ್ಪ, ಬೇಡವೆಂದು ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ತುಪ್ಪ. ಬೆಂಗಳೂರಿನಲ್ಲಿ ಅಳೆದು ತೂಗಿ ಊಟ ಮಾಡುವ ಆ ಮಕ್ಕಳು ಊಟವಾದ ಮೇಲೆ ಮೈದಾನಕ್ಕೆ ಬಂದದ್ದು ಮದುವೆಮನೆಯ ಚಾಪೆ ಹುಡುಕುವವರಂತೆ. ಅಂಥವರಿಗೆ ಸೋಲಬೇಕೆಂದರೆ ಪ್ರತಿಭೆ ಬೇಕು. ಗೋಲು ಕಾಯುವ ಕೋಮಲಾ, ತನ್ನ ಕಾಲಿಗೆ ಬಂದು ನಿಂತ ಚೆಂಡನ್ನು ಬಿಟ್ಟು ಪಕ್ಕಕ್ಕೆ ಹಾರಿಬಿದ್ದಳು. ಹಾರುವುದನ್ನು ಕಲಿಸಿದವನು ಅವನೇ, ಒಳ್ಳೆಯ ನೆಗೆತ. ಸ್ಪೂರ್ತಿ ಮಾತ್ರ ಬೇರೆಯೇ ರೀತಿ ಸೋಲುತ್ತಿದ್ದಳು. ಚೆಂಡನ್ನು ಕಾಲಿಗೆ ಅಂಟಿಸಿಕೊಂಡವಳಂತೆ ಇಬ್ಬರನ್ನು, ಮೂವರನ್ನು ದಾಟಿಕೊಂಡು ಹೋಗಿ, ಗೋಲಿನ ಎದುರು ತಲುಪಿದಾಗ ಒಂದು ಗಳಿಗೆ ನಿಂತು, ಎದುರಾಳಿಯ ಕಾಲಿಗೇ ಮೆಲ್ಲಗೆ ತಳ್ಳಿಬಿಡುತ್ತಿದ್ದಳು, ತಾಂಬೂಲ ಕೊಡುವಷ್ಟು ನಯವಾಗಿ. ಪಂಚಾಕ್ಷರಪ್ಪನವರು ಶಾಲು ಹೊದ್ದು ಕುರ್ಚಿಯಲ್ಲಿ ಕೂತು, ಎರಡೂ ಕಡೆಗೆ ಚಪ್ಪಾಳೆ ತಟ್ಟುತ್ತಿದ್ದರು. ಗುರುಮೂರ್ತಿಗೆ, ನಾಚಿಕೆಗೇಡು, ಆಗ ಹೆಮ್ಮೆಯೂ ಆಗಿತ್ತು. ನೋಡಿ, ನನ್ನ ಹುಡುಗಿ ಸೋಲುವುದರಲ್ಲೂ ಎಷ್ಟು ಅಚ್ಚುಕಟ್ಟು ಎಂದು.

ಮುಚ್ಚಿಡುವುದೇಕೆ, ಅರ್ಧ ಆಟ ಮುಗಿಯುವ ಹೊತ್ತಿಗೆ ಅವನಿಗೆ ತಿಳಿದುಹೋಗಿತ್ತು. ಅನುಪಮಾ ಕುರ್ಚಿಯಲ್ಲಿ ಕೂತಿರಲಿಲ್ಲ. ಗೆರೆಯ ಪಕ್ಕದಲ್ಲಿ ಕೈಕಟ್ಟಿ ನಿಂತು, ಸಂತೆಯಲ್ಲಿ ಹೋರಿಯ ನಡಿಗೆ ನೋಡುವವರಂತೆ ಸ್ಪೂರ್ತಿಯ ಕಾಲುಗಳನ್ನೇ ನೋಡುತ್ತಿದ್ದಳು. ಪ್ರತಿ ಸಲ ಸ್ಪೂರ್ತಿ ಗೋಲಿನ ಎದುರು ನಿಂತು ಚೆಂಡು ಬಿಟ್ಟುಕೊಟ್ಟಾಗಲೂ ಅವಳ ಮುಖ ಒಂದಿಷ್ಟು ಸಣ್ಣಗಾಗುತ್ತಿತ್ತು. ಬರೀ ಶಾಸ್ತ್ರಕ್ಕೆ ನೋಡಲು ಬಂದವರು ಹಾಗೆ ನೋಡುವುದಿಲ್ಲ. ಅದೇ ಹೊತ್ತಿಗೆ ನೀರು ಕುಡಿಯಲು ಬಂದ ಸ್ಪೂರ್ತಿ, ಬಾಟಲಿಯನ್ನು ಬಾಯಿಗೆತ್ತುವ ಮೊದಲು ಸಣ್ಣ ದನಿಯಲ್ಲಿ, "ಸರ್, ಇನ್ನ ಸಾಕಾ? ನಿಜವಾಗಿ ಆಡ್ಲಾ?" ಎಂದು ಕೇಳಿದ್ದಳು. ಹತ್ತನೆಯ ಕ್ಲಾಸು ಮುಗಿಸಿದ ಹುಡುಗಿ. ಸಿಡಿಲಿನವರ ಅಕಾಡೆಮಿಗೆ ಹದಿನಾರರ ಒಳಗೆ ಸೇರಬೇಕು, ಅವಳಿಗೆ ಈ ವರ್ಷವೇ ಕೊನೆ. ಸೇರಿದರೆ ಆಟ, ಹಾಸ್ಟೆಲು, ಪಿಯುಸಿ ಎಲ್ಲ ಅವರದೇ. ಸೇರದಿದ್ದರೆ ಚೆಂಡೂ ಸಾಕು ಓದೂ ಸಾಕು, ಗಾರ್ಮೆಂಟ್ಸ್ ಬಸ್ಸು ಹತ್ತಲಿ ಎಂದು ಕರಿಯಪ್ಪ ಆಗಲೇ ಹೇಳಿಯಾಗಿತ್ತು. ಇದೆಲ್ಲ ಗುರುಮೂರ್ತಿಗೆ ಗೊತ್ತಿತ್ತು. ಎಮ್ಮೆದೊಡ್ಡಿಗೆ ಹೋಗಿ, ಕರಿಯಪ್ಪನ ಎದುರು ಕೂತು, ಇದೊಂದು ಸಲ ನೋಡಣ, ನಾನಿದೀನಿ ಎಂದು ಎದೆ ತಟ್ಟಿ ಹೇಳಿ ಬಂದವನು ಅವನೇ. ಆಡಮ್ಮಾ ಎನ್ನಬೇಕಿತ್ತು. ಮೂರೇ ಅಕ್ಷರದ ಮಾತು. ಅವನ ಕಣ್ಣು ತಾನಾಗಿ ಕುರ್ಚಿಯ ಕಡೆ ಹೋಯಿತು. ಅಲ್ಲಿಂದ ಪಂಚಾಕ್ಷರಪ್ಪನವರು ಪ್ರಸನ್ನರಾಗಿ ತಲೆಯಾಡಿಸಿದರು. "ಇನ್ನೊಂಚೂರು ಹೊತ್ತು ಹಿಂಗೇ ಹೋಗ್ಲಿ" ಎಂದ. ಅವಳು ನೀರು ಕುಡಿಯದೆ ಬಾಟಲಿ ಕೆಳಗಿಟ್ಟು ಹೋದಳು.

ಕಡೂರಿನ ಮಂಟಪದ ಬಾಗಿಲಿಗೆ ಬಾಳೆಕಂದು ಕಟ್ಟಿದ್ದರು. ಒಳಗೆ ವಧೂವರರು ಕೂರುವ ಕೆಂಪು ಸೋಫಾದಲ್ಲಿ ಒಂದು ತುದಿಗೆ ಪಂಚಾಕ್ಷರಪ್ಪನವರು, ಇನ್ನೊಂದು ತುದಿಗೆ ಅನುಪಮಾ, ನಡುವೆ ಒಂದು ಫುಟ್ಬಾಲು. ಚೆಂಡಿಗೆ ವಿಭೂತಿಯ ಮೂರು ಗೆರೆ ಎಳೆದು ಹೂವಿನ ಹಾರ ಹಾಕಿದ್ದರು. ಪೂಜೆಯಾದ ಮೇಲೆ ಅದನ್ನು ಕಾಲಿನಿಂದ ಒದೆಯುವುದು ಸರಿಯೇ ಎಂಬ ಪ್ರಶ್ನೆ ಬಂದು, ಯಾವ ಕಾಲೂ ತಾಗದಂತೆ ಕೊಬ್ಬರಿ ಮಂಡಿಯಲ್ಲಿ ಇಡುವುದೆಂದು ತೀರ್ಮಾನವಾಯಿತು. ತರೀಕೆರೆಯ ಕಾರ್ಯದರ್ಶಿ ರೇಣುಕಪ್ರಸಾದ್ ಹಿಂದಿನ ಸಾಲಿನಲ್ಲಿ ಕೂತಿದ್ದ. ಅವನಿಗೆ ಹಾರವಿರಲಿ, ಒಂದು ಹೂವನ್ನೂ ಕೊಟ್ಟಿರಲಿಲ್ಲ. ಬನ್ನು ಕೊಟ್ಟವನಿಗೆ ಅಷ್ಟೇ ಸಾಕೆಂಬ ಭಾವ ಎಲ್ಲರಲ್ಲೂ ಇತ್ತು. ಅನುಪಮಾ ಎದ್ದು ಮಾತಾಡಿದಳು. ಚೆಂದದ ಕನ್ನಡ, ಕಾಗದ ನೋಡದೆ. ತರೀಕೆರೆಯ ಸಂಘದಿಂದ ಇಬ್ಬರು ಹುಡುಗಿಯರನ್ನು ಅಕಾಡೆಮಿಗೆ ಆರಿಸಿದ್ದೇವೆ, ಅಲ್ಲೊಂದು ತರಬೇತಿ ಕೇಂದ್ರವೂ ಆಗುತ್ತದೆ ಎಂದಳು. ಅಜ್ಜಂಪುರದ ಆತಿಥ್ಯವನ್ನಂತೂ ನಮ್ಮ ತಂಡ ಜನ್ಮದಲ್ಲಿ ಮರೆಯುವುದಿಲ್ಲ, ಆದ್ದರಿಂದ ಆ ಸಂಘ ಇನ್ನು ಮುಂದೆ ಸಿಡಿಲಿನ ಅಧಿಕೃತ ಅಭಿಮಾನಿ ಬಳಗ ಎಂದಳು. ಪಂದ್ಯಗಳಿಗೆ ಉಚಿತ ಟಿಕೆಟ್ಟು, ಬಾವುಟ, ಡೋಲು. ಬಸ್ಸು ತುಂಬಿಸಿಕೊಂಡು ಬರುವ ಜವಾಬ್ದಾರಿ ಸ್ಥಳೀಯ ಸಂಯೋಜಕ ಗುರುಮೂರ್ತಿಯವರದು. ಸಭೆ ಚಪ್ಪಾಳೆ ತಟ್ಟಿತು. ಪಂಚಾಕ್ಷರಪ್ಪನವರ ಕಣ್ಣಿನಲ್ಲಿ ನೀರೇ ಬಂತು. ಅವರಿಗೆ ಆತಿಥ್ಯ ಎಂಬಲ್ಲಿಗೇ ಭಾಷಣ ಮುಗಿದಿತ್ತು. ಗುರುಮೂರ್ತಿ ವೇದಿಕೆಗೆ ಹೋದ, ಕೈ ಮುಗಿದ, ಇಳಿದ. ಬೆನ್ನು ಯಾವ ಕಡೆಗಿತ್ತೋ ಅವನಿಗೆ ತಿಳಿಯಲಿಲ್ಲ. ಇಳಿಯುವಾಗ ಗೋಡೆಯ ಪಕ್ಕ ನಿಂತಿದ್ದ ಹುಡುಗಿಯರನ್ನು ನೋಡಿದ. ಸ್ಪೂರ್ತಿ ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದಳು, ಒಂದೂ ತಪ್ಪದಂತೆ, ಉಳಿದವರು ನಿಲ್ಲಿಸಿದ ಮೇಲೂ.

ಊಟದ ಮನೆಯಲ್ಲಿ ಮೊದಲ ಪಂಕ್ತಿಗೆ ಅನುಪಮಾಳ ಒಂದು ಪಕ್ಕದಲ್ಲಿ ಅಧ್ಯಕ್ಷರು, ಇನ್ನೊಂದು ಪಕ್ಕದಲ್ಲಿ ಗುರುಮೂರ್ತಿ. ಬಡಿಸುವವರು ತಂಡದ ಹುಡುಗಿಯರೇ. ಜೆರ್ಸಿ ಹಾಕಿಕೊಂಡು ಮಕ್ಕಳು ಬಡಿಸಿದರೆ ಬೀಗರಿಗೆ ಮೆಚ್ಚುಗೆಯಾಗುತ್ತದೆಂದು ಅದೂ ಪಂಚಾಕ್ಷರಪ್ಪನವರ ಏರ್ಪಾಡು. ಅವರು ಆಚೆ ಪಕ್ಕದವರ ಜೊತೆ ಕೊಬ್ಬರಿ ಧಾರಣೆಯ ಮಾತಿಗಿಳಿದಾಗ ಗುರುಮೂರ್ತಿ ಎಲೆಯ ಮೇಲೆ ಬಾಗಿ, ತನಗೇ ಕೇಳಿಸದಷ್ಟು ಮೆಲ್ಲಗೆ ಹೇಳಿದ. ನಿನ್ನೆ ನಾವು ಬೇಕೆಂದೇ ಸೋತೆವು. ತಾನೇ ಹೇಳಿಕೊಟ್ಟದ್ದು. ಹುಡುಗಿಯರ ತಪ್ಪಿಲ್ಲ. ಸ್ಪೂರ್ತಿ ಎಂಬ ಹುಡುಗಿಯನ್ನು ಇನ್ನೊಮ್ಮೆ ನೋಡಬೇಕು. ಹೇಳಿ ಮುಗಿಸುವಷ್ಟರಲ್ಲಿ ಕಿವಿ ಬಿಸಿಯಾಗಿತ್ತು. ಬದುಕಿನಲ್ಲಿ ಒಂದು ಸಲವಾದರೂ ಧೈರ್ಯದ ಕೆಲಸ ಮಾಡಿದೆನೆಂದು ಎದೆ ಹಗುರಾಗಿತ್ತು. ಅನುಪಮಾ ನಕ್ಕಳು. ಕೆಟ್ಟ ನಗುವಲ್ಲ. "ಸರ್, ಹೋದಲ್ಲೆಲ್ಲ ಏನಾದ್ರೂ ಒಂದು ಹೇಳ್ತಾರೆ. ಒಂದೂರಲ್ಲಿ ಗೋಲು ಕಾಯೋಳಿಗೆ ಜ್ವರ ಇತ್ತು, ಇನ್ನೊಂದೂರಲ್ಲಿ ಅಮಾವಾಸ್ಯೆ ಆಗಿತ್ತು. ಬೇಕಂತ ಸೋತ್ವಿ ಅಂದಿದ್ದು ನೀವೇ ಮೊದಲು." ಆದರೆ ಮರುಗಳಿಗೆ ನಗು ನಿಲ್ಲಿಸಿ ಯೋಚಿಸಿದಳು. ಆ ಹುಡುಗಿ ಗೋಲಿನ ಎದುರು ಏಕೆ ನಿಲ್ಲುತ್ತಾಳೆಂದು ನನಗೂ ಅರ್ಥವಾಗಿರಲಿಲ್ಲ, ಹೆದರಿಕೆಯೆಂದೇ ಅಂದುಕೊಂಡಿದ್ದೆ ಎಂದಳು. ತಮ್ಮ ಕೋಚ್ ನಾಳೆ ಬೆಳಿಗ್ಗೆಯವರೆಗೂ ಕಡೂರಿನಲ್ಲೇ ಇರುತ್ತಾರೆ. ಅವಳು ಹೌದೆಂದರೆ ಬೆಳಿಗ್ಗೆ ಒಬ್ಬಳನ್ನೇ ಆಡಿಸಿ ನೋಡೋಣ, ಜಾಗ ಇನ್ನೊಂದು ಇದೆ ಎಂದಳು. ಎಂದವಳೇ, ಪಾಯಸದ ಬಕೆಟ್ಟು ಹಿಡಿದು ಸಾಲಿನಲ್ಲಿ ಬರುತ್ತಿದ್ದ ಸ್ಪೂರ್ತಿಯನ್ನು ಕೈಸನ್ನೆ ಮಾಡಿ ಕರೆದಳು.

ಸ್ಪೂರ್ತಿ ಬಂದು ಎಲೆಯ ಎದುರು ನಿಂತಳು. ಅನುಪಮಾ ಸುತ್ತಿ ಬಳಸದೆ ಕೇಳಿದಳು. ನಿನ್ನೆ ನೀವು ಬೇಕೆಂದು ಸೋತಿರೆಂದು ನಿಮ್ಮ ಸರ್ ಹೇಳುತ್ತಿದ್ದಾರೆ, ನಿಜವೇನಮ್ಮಾ? ಕೊಬ್ಬರಿಯ ಮಾತು ಥಟ್ಟನೆ ನಿಂತಿತು. ಪಂಚಾಕ್ಷರಪ್ಪನವರು ಕೈಯಲ್ಲಿದ್ದ ತುತ್ತನ್ನು ಹಾಗೆಯೇ ಹಿಡಿದು ತಿರುಗಿದರು. ಸ್ಪೂರ್ತಿ ಯಾರ ಕಡೆಗೂ ನೋಡದೆ ಗುರುಮೂರ್ತಿಯನ್ನು ನೋಡಿದಳು. ಬೆಳಿಗ್ಗೆಯಿಂದ ಅವನು ಕನ್ನಡಿಯಲ್ಲಿ ಹುಡುಕಿದ್ದ ನೋಟ ಈಗ ಕೈಗೆಟುಕುವಷ್ಟು ಹತ್ತಿರದಲ್ಲಿ, ಏನನ್ನೂ ಬಚ್ಚಿಡದೆ, ನೆಟ್ಟಗೆ ಬಂದು ಅವನ ಮೇಲೆ ನಿಂತಿತು. ಒಂದು ಸಲ ತಲೆಯಾಡಿಸಿದ್ದರೆ ಆಗುತ್ತಿತ್ತು. ಆಡಿಸಬೇಕೆಂದೇ ಇದ್ದ. ಕತ್ತು ಎತ್ತಿಯೂ ಇದ್ದ. ಆದರೆ ಆ ಕತ್ತು ಇಷ್ಟು ವರ್ಷದ ರೂಢಿಯಂತೆ ಮೊದಲು ಪಂಚಾಕ್ಷರಪ್ಪನವರ ಕಡೆ ತಿರುಗಿತು. ಅವರ ಹುಬ್ಬು ಸ್ವಲ್ಪ ಏರಿತ್ತು, ಅಷ್ಟೇ, ಬೇರೇನೂ ಇಲ್ಲ. ಅವನು ತಿರುಗಿ ಸ್ಪೂರ್ತಿಯನ್ನು ನೋಡುವಷ್ಟರಲ್ಲಿ ಅವಳು ಅವನನ್ನು ನೋಡುವುದನ್ನು ಮುಗಿಸಿದ್ದಳು.

"ಇಲ್ಲ ಮೇಡಂ," ಎಂದಳು ಸ್ಪೂರ್ತಿ. ನಗುತ್ತ, ತಲೆಯನ್ನು ಒಂದಿಷ್ಟು ತಗ್ಗಿಸಿ. "ನಿಮ್ಮೋರೇ ಚೆನ್ನಾಗಿ ಆಡಿದ್ರು."

ಅನುಪಮಾ ಗುರುಮೂರ್ತಿಯ ಕಡೆ ಕನಿಕರದಿಂದ ನೋಡಿ, ಹೋಗಲಿ ಬಿಡಿ ಸರ್, ಪರವಾಗಿಲ್ಲ ಎಂದಳು. ಪಂಚಾಕ್ಷರಪ್ಪನವರು ತುತ್ತನ್ನು ಬಾಯಿಗಿಟ್ಟುಕೊಂಡು, ಹೆಣ್ಣುಮಗು ಅಂದ್ರೆ ಹಿಂಗಿರ್ಬೇಕು, ಎಲ್ಲ ನಮ್ ಮೇಷ್ಟ್ರು ಕಲಿಸಿದ್ದು ಎಂದು ಆಚೀಚೆಯವರಿಗೆ ಕೇಳುವಂತೆ ಮೆಚ್ಚಿದರು. ಸ್ಪೂರ್ತಿ ಅತಿಥಿಗೆ ಬಡಿಸಿದಳು, ಅಧ್ಯಕ್ಷರಿಗೆ ಬಡಿಸಿದಳು, ಆಮೇಲೆ ಬಕೆಟ್ಟು ಎತ್ತಿಕೊಂಡು ಅವನ ಎಲೆಯ ಮುಂದೆ ಬಗ್ಗಿ, "ಪಾಯಸ ಹಾಕ್ಲಾ ಸರ್?" ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ಹೇಗಾದರೂ ತಡೆದುಕೊಳ್ಳುತ್ತಿದ್ದ. ಬೇಡಮ್ಮಾ ಎನ್ನಲು ಬಾಯಿ ತೆರೆದ. ಪಕ್ಕದಿಂದ ಪಂಚಾಕ್ಷರಪ್ಪನವರು ಹಾಕು ಹಾಕು ಎಂದರು. ಅವಳು ಹಾಕಿದಳು, ಒಂದು ಹನಿ ಆಚೆ ಚೆಲ್ಲದಂತೆ, ಮುಂದಿನ ಎಲೆಗೆ ಹೋದಳು. ಗುರುಮೂರ್ತಿ ತಲೆ ತಗ್ಗಿಸಿ ಪಾಯಸವನ್ನು ಪೂರ್ತಿ ಉಂಡ.